ಸಂಶಯದ ಲಾಭ

ಅವರು ಪುಸ್ತಕಗಳನ್ನು ಕೊನೆಯಿಂದ ಓದಲು ಶುರುಮಾಡುತ್ತಿದ್ದರು. ನಿರಪರಾಧಿ ಜೈಲಿನಿಂದ ಹೊರಗೆ ಬರುವ ಅಧ್ಯಾಯವನ್ನು ಹುಡುಕಿ ಮೊದಲು ಅದನ್ನು ಮುಗಿಸಿ, ಆಮೇಲೆ ಒಂದನೇ ಪುಟಕ್ಕೆ ಬರುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಒಮ್ಮೆ ಹೇಳಿದ್ದರು:

“ಗೇಟಿನ ಹತ್ತಿರ ಯಾರೆಲ್ಲ ಬಂದಿದ್ದಾರೆ ಅಂತ ನೋಡುವುದು ಮಾರಾಯ್ರೆ. ಕೆಲವರಿಗೆ ತಾಯಿ ಬಂದಿರ್ತಾಳೆ. ಕೆಲವರಿಗೆ ವಕೀಲರು, ಟೀವಿಯವರು. ಒಬ್ಬನಿಗೆ ಇಡೀ ಊರೇ ಬಂದಿತ್ತು, ಬ್ಯಾಂಡ್ ಸಮೇತ. ನನಗೆ ಒಬ್ಬ ವಾರ್ಡನ್ ಬಂದಿದ್ದ. ಬಸ್ ಸ್ಟಾಪು ರಸ್ತೆಯ ಆಚೆ ಬದಿಗೆ ಉಂಟು ಅಂತ ತೋರಿಸ್ಲಿಕ್ಕೆ.”

ಹೀಗೆ ಹೇಳಿ ನಕ್ಕಿದ್ದರು. ಅವರ ನಗು ಕೇಳಲು ಹಿತವಾಗಿರುತ್ತಿರಲಿಲ್ಲ.

ಬೆಳ್ತಂಗಡಿ ತಾಲೂಕಿನ ಒಂದು ಅನುದಾನಿತ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಟ್ಟಿಗೆ ಕೆಲಸ ಮಾಡಿದವರು. ನನ್ನದು ಕನ್ನಡ, ಅವರದು ಗಣಿತ. ಉತ್ತರ ಸರಿ ಇದ್ದರೂ ನಡುವಿನ ಒಂದು ಹಂತ ಬಿಟ್ಟುಹೋಗಿದ್ದರೆ ಅವರು ಮಾರ್ಕು ಕೊಡುತ್ತಿರಲಿಲ್ಲ. ಮಕ್ಕಳು ಅವರಿಗೆ ಸ್ಟೆಪ್ ಮಾಷ್ಟ್ರು ಎಂದು ಹೆಸರಿಟ್ಟಿದ್ದರು. ಹೆಸರಿಗೆ ತಕ್ಕಂತೆ ಮುಖವೂ ಗಂಟು. ಹೆಡ್‌ಮಾಸ್ಟರರ ಜೊತೆ ಜಗಳ, ಆಡಳಿತ ಮಂಡಳಿಯ ಜೊತೆ ಜಗಳ, ಒಮ್ಮೆ ವಾರ್ಷಿಕೋತ್ಸವದ ಮೈಕಿನವನ ಜೊತೆಗೂ ಜಗಳ. ಜಗಳ ಮುಗಿದ ಹತ್ತು ನಿಮಿಷಕ್ಕೆ ಅವರಿಗೆ ಮರೆತುಹೋಗುತ್ತಿತ್ತು. ಬೈಸಿಕೊಂಡವರಿಗೆ ಮರೆಯುತ್ತಿರಲಿಲ್ಲ. ಇದು ಮುಂದೆ ಅವರಿಗೆ ತುಂಬ ದುಬಾರಿಯಾಯಿತು.

ಜಡಿಮಳೆಯ ಒಂದು ಆಟಿ ತಿಂಗಳ ಬೆಳಗ್ಗೆ ಅವರ ಹೆಂಡತಿ ಬಾವಿಗೆ ಬಿದ್ದು ತೀರಿಕೊಂಡರು. ಆ ದಿನ ಕರೆಂಟು ಇರಲಿಲ್ಲ, ಪಂಪು ನಡೆಯುತ್ತಿರಲಿಲ್ಲ. ಹಗ್ಗ, ಕೊಡಪಾನ ಹಿಡಿದು ನೀರು ಸೇದಲು ಹೋದವರು. ಮಗಳಿಗೆ ಆಗ ಆರು ವರ್ಷ, ಒಳಗೆ ಮಲಗಿತ್ತು. ಹೆಂಡತಿಯ ತಲೆಯಲ್ಲಿ ದೊಡ್ಡ ಗಾಯವಿತ್ತು. ಮೊದಲ ಎರಡು ದಿನ ಎಲ್ಲರೂ ಅಯ್ಯೋ ಪಾಪ ಎಂದರು. ಮೂರನೆಯ ದಿನ ಹೆಂಡತಿಯ ಅಣ್ಣ ಚಾರ್ಮಾಡಿಯಿಂದ ಬಂದು ಠಾಣೆಗೆ ದೂರು ಕೊಟ್ಟರು. ಹಿಂದಿನ ಸಂಜೆ ಗಂಡ ಹೆಂಡತಿಯರ ಜಗಳ ರಸ್ತೆಯವರೆಗೆ ಕೇಳಿತ್ತು ಎಂದು ಪಕ್ಕದ ಮನೆಯ ಹೆಂಗಸು ಹೇಳಿದಳು. ಬಾವಿಯಿಂದ ಒಂದು ಕೆಂಪುಕಲ್ಲನ್ನು ಎತ್ತಿದ ಪೊಲೀಸರು ಅದರಿಂದಲೇ ತಲೆಗೆ ಹೊಡೆದು ಬಾವಿಗೆ ತಳ್ಳಿದ್ದು ಎಂದು ಬರೆದರು. ಊರಿನವರಿಗೆ ಕಲ್ಲು ಕೂಡ ಬೇಕಾಗಿರಲಿಲ್ಲ. “ಆ ಜನ ಸಿಟ್ಟಿನ ಜನ, ಮಾಡಿದ್ರೂ ಮಾಡಿರಬಹುದು” ಎಂಬ ಮಾತು ನಮ್ಮ ಸ್ಟಾಫ್ ರೂಮಿನಲ್ಲೇ ಮೊದಲು ಹುಟ್ಟಿತು. ಚಹಾ ಕುಡಿಯುತ್ತ ಹೇಳಿದವರು ಹತ್ತು ವರ್ಷ ಅವರ ಬುತ್ತಿಯಿಂದ ಉಪ್ಪಿನಕಾಯಿ ತಿಂದವರು.

ಕೆಳಗಿನ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. ಘಟ್ಟದ ಮೇಲಿನ ಜೈಲಿಗೆ ಕರೆದುಕೊಂಡು ಹೋದರು. ಮೇಲಿನ ಕೋರ್ಟಿನಲ್ಲಿ ಅಪೀಲು ವರ್ಷಗಟ್ಟಲೆ ಕೂತಿತು. ನಾನು ಮಧ್ಯೆ ಎರಡು ಸಲ ಹೋಗಿ ನೋಡಿ ಬಂದಿದ್ದೆ. ಎರಡನೆಯ ಸಲ ಅವರು ತಮ್ಮ ಬಗ್ಗೆ ಒಂದೂ ಮಾತಾಡಲಿಲ್ಲ. ಜೈಲಿನ ಲೈಬ್ರರಿಗೆ ಯಾರೋ ದಾನ ಕೊಟ್ಟ ಪುಸ್ತಕಗಳ ನಡುವೆ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿದೆ, ಮಾಡದ ಕೊಲೆಗೆ ಹದಿನೆಂಟು ವರ್ಷ ಒಳಗಿದ್ದ ಪರದೇಶದವನೊಬ್ಬನ ನಿಜವಾದ ಕತೆ, ಎಂದು ಜಾಲರಿಯ ಆಚೆಯಿಂದ ಅದನ್ನೇ ಹೇಳಿದರು. “ಅಲ್ಲಿಯೂ ಹಾಗೇ ಮಾಡಿದ್ದಾರೆ ಮಾರಾಯ್ರೆ. ಉತ್ತರ ಮೊದಲೇ ಬರೆದು ಆಮೇಲೆ ಲೆಕ್ಕ ಮಾಡಿದ್ದು,” ಎಂದರು. ಅವರ ಕಣ್ಣಿನಲ್ಲಿ ಆ ದಿನ ಒಂದು ಬೆಳಕಿತ್ತು. ಜಗತ್ತಿನಲ್ಲಿ ಇನ್ನೊಬ್ಬ ಇದ್ದಾನೆ ಎಂದು ಗೊತ್ತಾದವನ ಬೆಳಕು.

ಕೊನೆಗೆ ಮೇಲಿನ ಕೋರ್ಟು ಬಿಡುಗಡೆ ಮಾಡಿತು. ಕಲ್ಲನ್ನು ಎಲ್ಲಿಂದ, ಯಾರ ಎದುರು ಎತ್ತಿದ್ದು ಎಂಬುದು ಸರಿಯಾಗಿ ಸಾಬೀತಾಗಿಲ್ಲ, ಆದ್ದರಿಂದ ಸಂಶಯದ ಲಾಭವನ್ನು ಆರೋಪಿಗೆ ಕೊಡಲಾಗಿದೆ ಎಂದು ತೀರ್ಪಿನಲ್ಲಿತ್ತು. ಆ ಎರಡು ಶಬ್ದಗಳನ್ನು ಅವರು ಸಾಯುವವರೆಗೆ ಅಗಿದರು. “ಲಾಭ ಅಂತ ಹೇಳಿದ್ದಾರೆ. ಎಂತ ಲಾಭ ಅಂತ ನಾನು ಹುಡುಕ್ತಾ ಇದ್ದೇನೆ,” ಎನ್ನುತ್ತಿದ್ದರು. ಸಂಶಯ ಮಾತ್ರ ಅವರಿಗಿಂತ ಮೊದಲೇ ಬಸ್ಸು ಹತ್ತಿ ಊರು ಮುಟ್ಟಿತ್ತು.

ಶಾಲೆಯವರು ಮರಳಿ ತೆಗೆದುಕೊಳ್ಳಲಿಲ್ಲ. ಹೆಣ್ಣುಮಕ್ಕಳು ಓದುವ ಶಾಲೆ, ಪೋಷಕರು ಒಪ್ಪಬೇಕಲ್ಲ ಎಂದರು. ಟ್ಯೂಷನ್ ಕೊಡುತ್ತೇನೆ ಎಂದು ಬೋರ್ಡು ಹಾಕಿದರೆ ಒಂದು ಮಗುವೂ ಬರಲಿಲ್ಲ. ಆಗ ಕರೆದು ಕೆಲಸ ಕೊಟ್ಟವರು ಬಿ.ಸಿ.ರೋಡಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಒಬ್ಬ ಹಾಜಿಯವರು. ಅವರ ದೊಡ್ಡ ಮಗ ನಮ್ಮ ಶಾಲೆಯಲ್ಲಿ ಓದಿದವನು, ಈಗ ದುಬೈಯಲ್ಲಿದ್ದಾನೆ.

“ನೋಡಿ ಮಾಷ್ಟ್ರೆ, ನಿಮ್ಮ ಕೇಸಿನ ಕತೆ ನನಗೆ ಬೇಡ,” ಎಂದು ಹಾಜಿಯವರು ಮೊದಲ ದಿನವೇ ಹೇಳಿದ್ದರಂತೆ. “ನೀವು ಮಾಡಿದ್ದೀರಾ, ಇಲ್ವಾ, ಅದು ನಿಮಗೂ ಮೇಲಿರುವವನಿಗೂ ಗೊತ್ತುಂಟು. ಕೌಂಟರಿನಲ್ಲಿ ನಿಂತು ಪೈಪು ಅಳೆದು ಕೊಡಿ. ಮಧ್ಯಾಹ್ನ ಗಿರಾಕಿ ಕಡಿಮೆ, ಎಂತ ಬೇಕಾದರೂ ಓದಿ.”

ಹೀಗೆ ಅವರ ಓದು ಬಸ್ಸುಗಳ ಹಾರನ್ನಿನ ನಡುವೆ, ಪಿವಿಸಿ ಪೈಪುಗಳ ನೆರಳಿನಲ್ಲಿ ನಡೆಯಿತು. ಹಳೆಯ ಪುಸ್ತಕಗಳನ್ನು ಅಂಚೆಯಲ್ಲಿ ತರಿಸುತ್ತಿದ್ದರು. ನಾನು ನಿವೃತ್ತನಾಗಿ ಬಂಟ್ವಾಳದಲ್ಲಿ ಮನೆ ಮಾಡಿದ್ದರಿಂದ ಅವು ನನ್ನ ವಿಳಾಸಕ್ಕೆ ಬರುತ್ತಿದ್ದವು. ಅವರಿದ್ದ ಬಾಡಿಗೆ ಕೋಣೆಯ ಮಾಲಕರಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ಬೇಡಿ, ಸರಳು, ನೇಣಿನ ಚಿತ್ರಗಳಿದ್ದ ರಕ್ಷಾಪುಟಗಳಿಗೆ ಅವರು ಕಂದು ಕಾಗದದ ಬೈಂಡು ಹಾಕಿ, ಮೇಲೆ ದುಂಡಗೆ ‘ಗಣಿತ’ ಎಂದು ಬರೆಯುತ್ತಿದ್ದರು. ಒಳಗೆ ಪೆನ್ಸಿಲಿನಲ್ಲಿ ಪರೀಕ್ಷೆಯ ಪೇಪರು ತಿದ್ದಿದ ಹಾಗೆ ತಿದ್ದುತ್ತಿದ್ದರು. ಸಾಕ್ಷಿಯನ್ನು ಪೊಲೀಸರು ತಿರುಚಿದ ಕಡೆ ‘ಹಂತ ಬಿಟ್ಟಿದೆ’. ನ್ಯಾಯಾಧೀಶರು ಅವಸರ ಮಾಡಿದ ಕಡೆ ‘ಹೇಗೆ?’

ಪುಸ್ತಕ ಒಯ್ಯಲು ಅವರು ಭಾನುವಾರ ನಮ್ಮ ಮನೆಗೆ ಬರುತ್ತಿದ್ದರು. ನನ್ನ ಹೆಂಡತಿ ಜಗಲಿಗೇ ಕಾಫಿ ತಂದಿಟ್ಟು ಒಳಗೆ ಹೋಗುತ್ತಿದ್ದಳು. ನಾನು ಪೇಟೆಗೆ ಹೋಗಿರುವಾಗ ಅವರು ಬಂದರೆ ಬಾಗಿಲು ತೆರೆಯುತ್ತಿರಲಿಲ್ಲ. ನಾನು ಬರುವವರೆಗೆ ಅವರು ಗೇಟಿನ ಹೊರಗೆ ಕೊಡೆ ಹಿಡಿದು ನಿಂತಿರುತ್ತಿದ್ದರು. ಒಮ್ಮೆ ನಾನು ಅವಳ ಮೇಲೆ ಸಿಟ್ಟಾದಾಗ ಅವರೇ ತಡೆದರು. “ಬೈಯಬೇಡಿ ಮಾರಾಯ್ರೆ. ಅವರಿಗೆ ಹೆದರಿಕೆ ಆಗ್ತದೆ. ನಾನು ಅವರ ಜಾಗದಲ್ಲಿದ್ದರೆ ಕಾಫಿಯೂ ಕೊಡ್ತಿರಲಿಲ್ಲ.”

ಮೂಡುಬಿದಿರೆಯಲ್ಲಿ ನಾವು ಕೆಲವರು ಸೇರುವ ಓದುಗರ ಬಳಗವೊಂದಿತ್ತು. ತಿಂಗಳಿಗೊಂದು ಪುಸ್ತಕ, ಚರ್ಚೆ, ಚಟ್ಟಂಬಡೆ, ಚಹಾ. ಒಮ್ಮೆ ತಪ್ಪು ತೀರ್ಪಿಗೆ ಬಲಿಯಾದವನೊಬ್ಬನ ಕುರಿತ ಇಂಗ್ಲಿಷ್ ಪುಸ್ತಕವನ್ನೇ ಆರಿಸಿದರು. ಅವರು ಅದನ್ನು ಆಗಲೇ ಎರಡು ಸಲ ಓದಿದ್ದರು. ನಾನು ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೊನೆಯ ಸಾಲಿನಲ್ಲಿ ಕೂತರು.

ಮಾತಾಡಲು ಬಂದಿದ್ದ ನಿವೃತ್ತ ಪ್ರಾಧ್ಯಾಪಕರು ಬಹಳ ಚೆನ್ನಾಗಿ ಮಾತಾಡಿದರು. ನ್ಯಾಯವೆಂದರೇನು ಎಂದು ಕೇಳಿದರು, ವ್ಯವಸ್ಥೆ ಕೊನೆಗೂ ತನ್ನ ತಪ್ಪನ್ನು ತಾನೇ ತಿದ್ದಿಕೊಂಡದ್ದೇ ಈ ಪುಸ್ತಕದ ಸಂದೇಶ ಎಂದರು. “ಇದನ್ನು ಓದಿದ ಮೇಲೆ ನನಗೆ ರಾತ್ರಿ ನಿದ್ದೆ ಬರಲಿಲ್ಲ,” ಎಂದು ಮುಗಿಸಿದರು.

ಹಿಂದಿನಿಂದ ಅವರು ಎದ್ದು ನಿಂತರು. “ಎಷ್ಟು ರಾತ್ರಿ ಸರ್?”

“ಏನು?”

“ಎಷ್ಟು ರಾತ್ರಿ ನಿದ್ದೆ ಬರಲಿಲ್ಲ? ತಮಾಷೆಗೆ ಕೇಳಿದ್ದಲ್ಲ. ನಾನೂ ಒಳಗೆ ಇದ್ದವನು. ಮಾಡದ್ದಕ್ಕೆ.”

ಸಭೆಯಲ್ಲಿ ಒಮ್ಮೆಲೇ ಜೀವ ಬಂತು. ಜನ ತಿರುಗಿ ನೋಡಿದರು. ಪ್ರಾಧ್ಯಾಪಕರು ವೇದಿಕೆಯಿಂದ ಇಳಿದು ಬಂದು ಅವರ ಕೈ ಹಿಡಿದರು. ಒಬ್ಬಾಕೆ ಕಣ್ಣು ಒರೆಸಿಕೊಂಡರು. ಮುಂದಿನ ತಿಂಗಳು ನಿಮ್ಮದೇ ಅನುಭವ ಕೇಳುವ, ಒಂದು ಶಾಲು ಹೊದಿಸುವ ಎಂದು ಸಂಚಾಲಕರು ಅಲ್ಲೇ ಘೋಷಿಸಿದರು. ಆಗ ಯಾರೋ ಕೇಳಿದರು: “ಎಂತ ಕೇಸು ಸರ್?”

“ಹೆಂಡತಿಯ ಕೊಲೆ,” ಎಂದರು.

ಹಿಡಿದಿದ್ದ ಕೈ ಬಿಟ್ಟುಹೋಯಿತು. ಪ್ರಾಧ್ಯಾಪಕರು ಅದನ್ನು ಒರಟಾಗಿ ಮಾಡಲಿಲ್ಲ, ಕನ್ನಡಕ ಸರಿಮಾಡಿಕೊಳ್ಳಲೆಂಬಂತೆ ಬಿಟ್ಟರು. ಚಹಾದ ಹೊತ್ತಿಗೆ ಎಲ್ಲರೂ ಎರಡು ಮೂರು ಗುಂಪಾಗಿ ನಿಂತಿದ್ದರು. ಅವರು ಕಿಟಕಿಯ ಹತ್ತಿರ ಒಬ್ಬರೇ ನಿಂತು ಚಟ್ಟಂಬಡೆ ತಿಂದರು. ಎರಡು ದಿನ ಬಿಟ್ಟು ಸಂಚಾಲಕರ ಫೋನು ಬಂತು. “ಬೇಸರ ಮಾಡಬೇಡಿ. ಪುಸ್ತಕದ ಚರ್ಚೆ ಬೇರೆ, ಇದು ಬೇರೆ. ನಮ್ಮಲ್ಲಿ ಹೆಂಗಸರೂ ಬರ್ತಾರೆ ನೋಡಿ.” ಈ ಮಾತನ್ನು ಅವರಿಗೆ ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿರುವಾಗ ಅವರೇ ಹೇಳಿದರು: “ಶಾಲು ಕ್ಯಾನ್ಸಲ್ ಅಲ್ವಾ? ಗೊತ್ತಾಯ್ತು ಬಿಡಿ. ನಿರಪರಾಧಿ ದೂರದವನಾಗಿರಬೇಕು. ಇಂಗ್ಲಿಷಿನವನಾದರೆ ಇನ್ನೂ ಒಳ್ಳೆಯದು.”

ಅವರಿಗೆ ಪುಸ್ತಕಗಳ ಮೇಲೂ ಒಂದು ದೊಡ್ಡ ತಕರಾರಿತ್ತು. ಎಲ್ಲದರಲ್ಲೂ ಕೊನೆಗೆ ನಿಜವಾದ ಅಪರಾಧಿ ಸಿಗುತ್ತಾನೆ. ಒಂದು ಕೂದಲು, ಒಂದು ಹನಿ ರಕ್ತ, ಸಾಯುವ ಮುಂಚೆ ಯಾರದೋ ತಪ್ಪೊಪ್ಪಿಗೆ. “ನನ್ನದರಲ್ಲಿ ಯಾರನ್ನು ಹಿಡಿಯುವುದು? ಬಾವಿಯನ್ನಾ? ಇನ್ನೊಬ್ಬ ಮಾಡಿದ್ದಾನೆ ಅಂತ ತೋರಿಸಿದರೆ ಮಾತ್ರ ನಾನು ಮಾಡಿಲ್ಲ ಅಂತ ಆಗ್ತದೆ. ಯಾರೂ ಮಾಡಿಲ್ಲ ಅಂತ ಇದ್ದರೆ ಎಂತ ತೋರಿಸುವುದು?”

ಇಷ್ಟೆಲ್ಲ ಓದಿದ್ದು ಒಬ್ಬಳಿಗೋಸ್ಕರ ಎಂಬುದು ನನಗೆ ತಡವಾಗಿ ತಿಳಿಯಿತು. ಮಗಳು ಚಾರ್ಮಾಡಿಯಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದು, ಡಿಗ್ರಿ ಮುಗಿಸಿ, ಅಲ್ಲಿಯೇ ಒಂದು ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಬಿಡುಗಡೆಯಾದ ಮೇಲೆ ಅವರು ಎಷ್ಟು ಸಲ ಹೇಳಿ ಕಳಿಸಿದರೂ ಭೇಟಿಗೆ ಒಪ್ಪಿರಲಿಲ್ಲ. ಅವರು ಒಂದು ಪುಸ್ತಕವನ್ನು ಆರಿಸಿ ಅವಳಿಗೆ ಕಳಿಸಿದರು. ತಂದೆಯೇ ತಾಯಿಯನ್ನು ಕೊಂದನೆಂದು ನಂಬಿ ಬೆಳೆದ ಮಗಳು ಕೊನೆಗೆ ಅವನನ್ನು ಅಪ್ಪಿಕೊಳ್ಳುವ ನಿಜಕತೆ. ಹದಿನೈದು ದಿನಗಳ ನಂತರ ಅವಳು ಫೋನು ಮಾಡಿ, ಒಂದು ಸಲ ಮಾತಾಡುತ್ತೇನೆ, ಆದರೆ ನೀವು ಒಬ್ಬರೇ ಬರಬೇಡಿ ಎಂದಳಂತೆ. ಆದ್ದರಿಂದ ನಾನು ಜೊತೆಗೆ ಹೋದೆ.

ಚಾರ್ಮಾಡಿ ಬಸ್ ಸ್ಟಾಪಿನ ಎದುರಿನ ಹೋಟೆಲಿನಲ್ಲಿ ಅವಳು ಮೊದಲೇ ಬಂದು ಕೂತಿದ್ದಳು. ತಾಯಿಯದೇ ಹಣೆ, ತಾಯಿಯದೇ ಹುಬ್ಬು. ನನ್ನೊಡನೆ ತುಳುವಿನಲ್ಲಿ ಬಸ್ಸು ತಡವಾಯಿತಾ, ಚಹಾ ಆಗಬಹುದಾ ಎಂದು ವಿಚಾರಿಸಿದಳು. ಅಪ್ಪನ ಕಡೆ ತಿರುಗಿದಾಗ ಅವಳ ಭಾಷೆ ಕನ್ನಡವಾಯಿತು. ಸೊಸೈಟಿಗೆ ಬಂದ ಅಪರಿಚಿತರೊಡನೆ ಮಾತಾಡುವ ಹಾಗೆ, ನಿಧಾನವಾಗಿ, ಪುಸ್ತಕದ ಕನ್ನಡ. ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತಾಡದ ಮನುಷ್ಯ ಅದನ್ನು ಕೇಳಿ ಲೋಟ ಕೆಳಗಿಟ್ಟರು.

“ನೀವು ಕಳಿಸಿದ್ದನ್ನು ಓದಿದೆ,” ಎಂದಳು. “ಇದರಲ್ಲಿ ಕೊನೆಗೆ ಬೇರೆ ಒಬ್ಬ ಸಿಕ್ಕಿದ್ದಾನೆ. ನಿಮ್ಮದರಲ್ಲಿ ಯಾರು?”

“ಯಾರೂ ಇಲ್ಲ ಮಗಾ. ಅವಳು ಜಾರಿ ಬಿದ್ದದ್ದು.”

“ತೀರ್ಪನ್ನೂ ಓದಿದ್ದೇನೆ. ನೀವು ಮಾಡಿಲ್ಲ ಅಂತ ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಸಾಬೀತಾಗಿಲ್ಲ ಅಂತ ಮಾತ್ರ ಉಂಟು.”

ಅವರು ತಲೆಯಾಡಿಸಿದರು.

“ಹಿಂದಿನ ದಿನ ಜಗಳ ಆಗಿತ್ತು. ನನಗೆ ನೆನಪುಂಟು. ನಾನು ಕಂಬಳಿಯ ಒಳಗೆ ಕಿವಿ ಮುಚ್ಚಿ ಮಲಗಿದ್ದೆ. ಕೋರ್ಟಿನಲ್ಲಿ ನೀವು ಜಗಳವೇ ಆಗಿಲ್ಲ ಅಂತ ಹೇಳಿದ್ದೀರಿ.”

ಅವರು ಲೋಟವನ್ನು ಬದಿಗೆ ಸರಿಸಿದರು. ಆಮೇಲೆ ತುಳುವಿನಲ್ಲೇ ಹೇಳತೊಡಗಿದರು. ನಾನು ಅದನ್ನು ಮೊದಲ ಸಲ ಕೇಳಿದ್ದು ಅಲ್ಲಿಯೇ. ಜಗಳ ಆಗಿದ್ದು ನಿಜ. ಆಗಿದ್ದು ಬಾವಿಕಟ್ಟೆಯ ವಿಷಯಕ್ಕೇ. ಕಟ್ಟೆಯ ಒಂದು ಕಲ್ಲು ಸಡಿಲವಾಗಿ ತಿಂಗಳುಗಳೇ ಆಗಿದ್ದವು. ಮೇಸ್ತ್ರಿಯನ್ನು ಕರೆಸಿ ಎಂದು ಹೆಂಡತಿ ಹೇಳುತ್ತಲೇ ಇದ್ದಳು, ಇವರು ನಾಳೆ ನಾಳೆ ಎನ್ನುತ್ತಿದ್ದರು. “ಮಗು ಬಿದ್ದ ಮೇಲೆ ಕರೆಸ್ತೀರಾ?” ಎಂದು ಆ ಸಂಜೆ ಅವಳು ಕಿರುಚಿದಳು, ಇವರೂ ಕಿರುಚಿದರು. ಬೆಳಗ್ಗೆ ಆ ಕಲ್ಲೇ ಜಾರಿತು. ಕಲ್ಲಿನ ಜೊತೆ ಅವಳೂ ಹೋದಳು. ಇದನ್ನು ವಕೀಲರಿಗೆ ಹೇಳಿದಾಗ ಅವರು, ಜಗಳವನ್ನು ಒಪ್ಪಿಕೊಂಡರೆ ಕೊಲೆಗೆ ಕಾರಣವನ್ನು ನೀವೇ ಕೊಟ್ಟ ಹಾಗೆ, ಜಗಳ ಆಗಲೇ ಇಲ್ಲ ಅನ್ನಿ ಎಂದರು. ಇವರು ಹಾಗೇ ಹೇಳಿದರು. ಜಗಳವೇ ಇಲ್ಲ ಎಂದ ಮೇಲೆ ಕಲ್ಲು ಸಡಿಲವಾಗಿತ್ತೆಂಬ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ಪಕ್ಕದ ಮನೆಯ ಹೆಂಗಸು ಬಂದು ಜಗಳ ಕೇಳಿದ್ದೇನೆ ಎಂದಳು, ಇವರ ಎಲ್ಲ ಮಾತೂ ಸುಳ್ಳಾಯಿತು.

“ಆ ಇಡೀ ಕೋರ್ಟಿನಲ್ಲಿ ನಿಜ ಹೇಳಿದ್ದು ಅವಳೊಬ್ಬಳೇ,” ಎಂದರು.

ಮಗಳು ಅಳಲಿಲ್ಲ. ಸ್ವಲ್ಪ ಹೊತ್ತು ಮೇಜಿನ ಮೇಲೆ ಬಿದ್ದಿದ್ದ ನೀರನ್ನು ಬೆರಳಿನಿಂದ ಎಳೆಯುತ್ತ ಕೂತಳು. ಆಮೇಲೆ ಅದೇ ಕನ್ನಡದಲ್ಲಿ ಕೇಳಿದಳು. “ಅಂದರೆ ಜಡ್ಜ್ ಎದುರು ನಿಂತು ನೀವು ಸುಳ್ಳು ಹೇಳಿದಿರಿ. ಈಗ ಇಲ್ಲಿ ಹೇಳುವುದು ಸತ್ಯ ಅಂತ ನಾನು ಹೇಗೆ ನಂಬುವುದು?”

ಅಷ್ಟು ಪುಸ್ತಕಗಳಲ್ಲಿ ಎಲ್ಲಿಯೂ ಅದಕ್ಕೆ ಉತ್ತರ ಇದ್ದಿರಲಾರದು. ಅವಳು ಪ್ಲಾಸ್ಟಿಕ್ ಚೀಲದಿಂದ ಪುಸ್ತಕವನ್ನು ತೆಗೆದು ಅವರ ಮುಂದಿಟ್ಟು, ನನಗೆ ಕೈಮುಗಿದು ಹೊರಟುಹೋದಳು.

ಬಸ್ಸು ಉಜಿರೆ ದಾಟಿತು. ಏನಾದರೂ ಸಮಾಧಾನ ಹೇಳಬೇಕೆಂದು, ಚಿಕ್ಕವಳು, ಮುಂದೆ ಅರ್ಥವಾಗುತ್ತದೆ ಎಂದೆ.

“ಇಲ್ಲ ಮಾರಾಯ್ರೆ. ಅವಳ ಲೆಕ್ಕ ಸರಿ ಉಂಟು. ಒಂದು ಹಂತವೂ ಬಿಟ್ಟಿಲ್ಲ,” ಎಂದು ಕಿಟಕಿಯ ಹೊರಗೆ ನೋಡಿದರು. ಆ ದನಿಯಲ್ಲಿ ಒಬ್ಬ ಮಾಷ್ಟ್ರ ಹೆಮ್ಮೆಯೂ ಇತ್ತು.

ಅದಾದ ಮೇಲೆ ಅವರು ಒಬ್ಬ ವಕೀಲರಲ್ಲಿಗೆ ಹೋಗಿ, ತೀರ್ಪಿನ ಆ ಎರಡು ಶಬ್ದಗಳನ್ನು ತೆಗೆಸಿ ನಿರ್ದೋಷಿ ಎಂದು ಬರೆಸಲು ಆಗುತ್ತದೆಯೇ ಎಂದು ಕೇಳಿದರು. “ಹೊರಗೆ ಬಂದಿದ್ದೀರಲ್ಲ, ಇನ್ನು ಎಂತ ಬೇಕು ನಿಮಗೆ?” ಎಂದು ವಕೀಲರು ನಕ್ಕರಂತೆ. ಹೊಸ ಪುಸ್ತಕಗಳು ಬರುವುದು ಕಡಿಮೆಯಾಯಿತು. ಬಂದವನ್ನೂ ಮಧ್ಯದಲ್ಲೇ ಬಿಡುತ್ತಿದ್ದರು.

ಮರುವರ್ಷ ಮಗಳಿಗೆ ಮದುವೆ ನಿಶ್ಚಯವಾಯಿತು. ನಮಗೆ ಗೊತ್ತಾದದ್ದು ಒಂದು ಆಕಸ್ಮಿಕದಿಂದ. ಮಾಣಿಯ ಹತ್ತಿರದ ಗಂಡಿನ ಕಡೆಯವರು ಮನೆಗೆ ಬಣ್ಣ ಹೊಡೆಸಲು ಹಾಜಿಯವರ ಅಂಗಡಿಗೇ ಪೈಂಟು ಕೊಳ್ಳಲು ಬಂದರು. ಖುಷಿಯಲ್ಲಿದ್ದರು, ನೀವೂ ಬರಬೇಕು ಎಂದು ಕೌಂಟರಿನ ಮೇಲೆ ಒಂದು ಕರೆಯೋಲೆ ಇಟ್ಟು ಹೋದರು. ನಾನು ಆ ದಿನ ಅಂಗಡಿಯಲ್ಲೇ ಇದ್ದೆ. ಅವರು ಅದನ್ನು ಓದಿ ನನ್ನ ಕೈಗೆ ಕೊಟ್ಟರು. ವಧುವಿನ ಹೆಸರಿನ ಕೆಳಗೆ, ದಿವಂಗತ ಇಂಥವರ ಹಾಗೂ ದಿವಂಗತ ಇಂಥವರ ಪುತ್ರಿ ಎಂದಿತ್ತು. ತಾಯಿಯ ಹೆಸರಿನ ಹಿಂದೆ ಇದ್ದ ಶಬ್ದವೇ ಅವರ ಹೆಸರಿನ ಹಿಂದೆಯೂ ಇತ್ತು.

ಹಾಜಿಯವರು ಕಾರ್ಡನ್ನು ನೋಡಿ, “ಅಲ್ಲಾ, ಇದೆಂತದು ಮಾಷ್ಟ್ರೆ!” ಎಂದು ಎದ್ದೇ ನಿಂತರು. “ನಾನು ಹೋಗಿ ಮಾತಾಡ್ತೇನೆ ಅವರ ಹತ್ತಿರ.”

“ಬೇಡ ಹಾಜಾರೆ, ಕೂತುಕೊಳ್ಳಿ. ಮದುವೆ ಮುರಿದುಹೋದೀತು,” ಎಂದರು. ಆಮೇಲೆ ನನ್ನ ಕಡೆ ನೋಡಿ ಹೇಳಿದರು: “ಇದರಲ್ಲಿ ಸಂಶಯ ಎಂತದ್ದೂ ಇಲ್ಲ ನೋಡಿ. ಚೊಕ್ಕ ಬರೆದಿದ್ದಾರೆ.”

ಗಂಡಿನ ಕಡೆಯವರು ಆರಿಸಿದ್ದ ಬಣ್ಣದ ಡಬ್ಬಿಗಳನ್ನು ಅವರೇ ಒಳಗಿನಿಂದ ಒಂದೊಂದಾಗಿ ತಂದು, ಆಟೋದವನು ಬಂದಾಗ ಎತ್ತಿ ಇಟ್ಟರು.

ಈ ವರ್ಷದ ಬೇಸಗೆಯ ಕೊನೆಗೆ, ಒಂದು ಮಧ್ಯಾಹ್ನ, ಅದೇ ಕೌಂಟರಿನ ಹಿಂದೆ ಸ್ಟೂಲಿನಲ್ಲಿ ಕೂತಲ್ಲೇ ಅವರ ಹೃದಯ ನಿಂತಿತು. ಆಸ್ಪತ್ರೆಗೆ ಮುಟ್ಟಿಸುವಷ್ಟೂ ಸಮಯ ಕೊಡಲಿಲ್ಲ. ಹಾಜಿಯವರು ಅಂಗಡಿ ಮುಚ್ಚಿ ನನಗೆ ಫೋನು ಮಾಡಿದರು. ನಾನು ಅವಳ ಸೋದರಮಾವನಿಂದ ನಂಬರು ತೆಗೆದುಕೊಂಡು, ಗಂಡನ ಮನೆಯಲ್ಲಿದ್ದ ಮಗಳಿಗೆ ಮಾಡಿದೆ.

ಸುದ್ದಿ ಹೇಳಿದೆ. ಹಿಂದೆ ಮಿಕ್ಸಿಯ ಸದ್ದು, ಯಾರದೋ ಮಾತು, ಅತ್ತೆಯದಿರಬೇಕು. ಸದ್ದು ದೂರವಾಯಿತು. ಅವಳು ಅಂಗಳಕ್ಕೆ ಬಂದಿರಬೇಕು.

“ನಾನು ಬಂದರೆ ಯಾರು ಸತ್ತರು ಅಂತ ಇಲ್ಲಿ ಹೇಳುವುದು ಸರ್?” ಎಂದು ಪಿಸುದನಿಯಲ್ಲಿ ಕೇಳಿದಳು.

ಅವಳೇ ಮುಂದುವರಿಸಿದಳು:

“ಅವರು ಕೊನೆಗೆ ಅಮ್ಮನ ವಿಷಯ ಎಂತಾದರೂ ಹೇಳಿದ್ರಾ?”

“ಇಲ್ಲಮ್ಮಾ. ಸಮಯವೇ ಇರಲಿಲ್ಲ.”

ಒಳಗಿನಿಂದ ಯಾರೋ ಕರೆದರು. “ಸೊಸೈಟಿಯಿಂದ ಫೋನು ಅತ್ತೆ, ಬಂದೆ,” ಎಂದು ಉತ್ತರಿಸಿ ಅವಳು ಇಟ್ಟುಬಿಟ್ಟಳು.

ಸಂಜೆಯ ಹೊತ್ತಿಗೆ ನಾವು ನಾಲ್ಕೇ ಜನ ಸ್ಮಶಾನಕ್ಕೆ ಹೋದೆವು. ನಾನು, ಹಾಜಿಯವರು, ಅಂಗಡಿಯ ಇಬ್ಬರು ಕೆಲಸದವರು. ಕಟ್ಟಿಗೆ ಜೋಡಿಸಿದವನು ಹಾಜಿಯವರ ಟೊಪ್ಪಿಯನ್ನೂ ನನ್ನನ್ನೂ ಬದಲಿಬದಲಿಯಾಗಿ ನೋಡಿ ಕೇಳಿದ.

“ಬೆಂಕಿ ಕೊಡುವವರು ಯಾರು? ಮಕ್ಕಳು ಮರಿ ಯಾರೂ ಇಲ್ವಾ ಇವರಿಗೆ?”

ಹಾಜಿಯವರು ನನ್ನ ಮುಖ ನೋಡಿದರು.

“ಇಲ್ಲ,” ಎಂದೆ. ಮುಂದೆ ಹೋಗಿ ಬೆಂಕಿ ನಾನೇ ಕೊಟ್ಟೆ.